ಪೋಸ್ಟರ್ ಪಕ್ಕದಲ್ಲಿ ನಿಂತವರು

ಡಿಜಿಟಲ್ ಸಾರ್ವಜನಿಕ ಆರೋಗ್ಯದ ಸಮ್ಮೇಳನಗಳಲ್ಲಿ ನನಗೆ ದೊಡ್ಡವರ ಭಾಷಣಕ್ಕಿಂತ ವಿದ್ಯಾರ್ಥಿಗಳ ಪೋಸ್ಟರ್ ಸಾಲೇ ಇಷ್ಟ. 841×1189 ಮಿಲಿಮೀಟರಿನ ಎ0 ಹಾಳೆ, ಅದರಲ್ಲಿ ಇನ್ನೂ ಅರೆಬೆಂದ ಸಂಶೋಧನೆ. ಟ್ವೀಟುಗಳಲ್ಲಿ ಜ್ವರದ ಸುಳಿವು ಹುಡುಕಿದವರನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ: ಫೋನೇ ಇಲ್ಲದವರ ಜ್ವರ ಎಲ್ಲಿ ದಾಖಲಾಯಿತು? ಆ ಪ್ರಶ್ನೆ ಬೇಗ ಎದುರಾದಷ್ಟೂ ಒಳ್ಳೆಯದು. ಜನ ಗೂಗಲ್‌ನಲ್ಲಿ ಹುಡುಕಿದ ಪದಗಳಿಂದ ಫ್ಲೂ ಅಳೆಯಲು 2008ರಲ್ಲಿ ಶುರುವಾದ ಗೂಗಲ್ ಫ್ಲೂ ಟ್ರೆಂಡ್ಸ್ 2012–13ರ ಚಳಿಗಾಲದಲ್ಲಿ ಅಮೆರಿಕದ ಫ್ಲೂ ಪ್ರಮಾಣವನ್ನು ವಿಪರೀತ ಹಿಗ್ಗಿಸಿ ಅಂದಾಜಿಸಿತ್ತು. ಅದರ ಹಿಂದಿದ್ದವರೇನು ಹೊಸಬರಲ್ಲ.

ಅಕ್ಷರ ತುರುಕಿದ ಪೋಸ್ಟರನ್ನು ಮಾತ್ರ ಸಹಿಸಲಾರೆ. 2019ರಲ್ಲಿ ಮೈಕ್ ಮಾರಿಸನ್, ಆಗ ಅವರೂ ಪಿಎಚ್‌ಡಿ ವಿದ್ಯಾರ್ಥಿಯೇ, ಮುಖ್ಯ ಫಲಿತಾಂಶವನ್ನು ಆಡುಮಾತಿನಲ್ಲಿ, ನಟ್ಟನಡುವೆ, ದಪ್ಪಕ್ಷರದಲ್ಲಿ ಬರೆಯಿರಿ ಎಂದರು. ಬರೆಯಲು ಕೂತಾಗಲೇ ಎಷ್ಟೋ ಜನರಿಗೆ ತಮ್ಮ ಬಳಿ ಫಲಿತಾಂಶ ಇನ್ನೂ ಇಲ್ಲವೆಂದು ಗೊತ್ತಾಗುವುದು!