ದಡದಲ್ಲಿ ನಿಂತವನ ಹಾಡು

ಕೆ.ಎಸ್. ನರಸಿಂಹಸ್ವಾಮಿಯವರಿಗೆ ‘ದಾಂಪತ್ಯದ ಕವಿ’ ಎಂಬ ಪಟ್ಟ ಕಟ್ಟಿ ನಾವು ನಿರಾಳವಾಗಿದ್ದೇವೆ. 1942ರಲ್ಲಿ ಬಂದ ಅವರ ಸಂಕಲನ ‘ಮೈಸೂರು ಮಲ್ಲಿಗೆ’ ಎಂದರೆ ಎಲ್ಲವೂ ಕೂಡಿಬಂದ ಸಂಸಾರ ಎಂಬುದು ರೂಢಿಯ ಮಾತು. ಹಾಗಾದರೆ ‘ನಿನ್ನ ಪ್ರೇಮದ ಪರಿಯ’ ಎಂಬ ಹಾಡಿಗೆ ಅಲ್ಲೇನು ಕೆಲಸ? ಮದುವೆಗೆ ಮುಂಚೆ ಹುಡುಗಿಯ ಮನಸ್ಸು ತಿಳಿಯದೆ ಒದ್ದಾಡುವ ಗಂಡಸರು ಪ್ರೇಮಗೀತೆಗಳಲ್ಲಿ ಬೇಕಾದಷ್ಟಿದ್ದಾರೆ. ಈ ಹಾಡಿನವನಿಗೆ ಒಲವು ಸಿಕ್ಕಾಗಿದೆ. ಆದರೂ ಅದರ ಬಗೆ ತನಗೆ ತಿಳಿಯದು ಎಂದು ಮೊದಲಲ್ಲೇ ಒಪ್ಪಿಕೊಳ್ಳುತ್ತಾನೆ. ಅದೇ ಉಸಿರಿನಲ್ಲಿ, ತನ್ನ ಮನಸ್ಸಿರುವುದು ಅವಳಲ್ಲೇ ಎನ್ನುತ್ತಾನೆ. (ಇವನು ಗಂಡನೇ ಎಂದು ಪದ್ಯ ಎಲ್ಲೂ ಹೇಳುವುದಿಲ್ಲ. ಸಂಕಲನದ ಉಳಿದ ಪದ್ಯಗಳ ಜೊತೆ ಓದಿದಾಗ ಹಾಗೆ ಕೇಳಿಸುತ್ತದೆ.)

ಹುಣ್ಣಿಮೆಯ ರಾತ್ರಿ ತನ್ನನ್ನು ಕಂಡು ಅವಳ ಒಲವು ಕಡಲಾಗಿ ಉಕ್ಕುತ್ತದೆ ಎನ್ನುವಾಗ ಅವನಲ್ಲಿ ಕೊಂಚ ಜಂಭವೂ ಇದೆ. ಕಡಲನ್ನು ಉಕ್ಕಿಸುವವನು ಚಂದ್ರನಲ್ಲವೇ? ಹಾಡು ಮುಂದುವರಿದಂತೆ ಆ ಎತ್ತರದಿಂದ ಇಳಿದು ದಡಕ್ಕೆ ಬರುತ್ತಾನೆ. ಕಡಲಾಳದ ಅರಮನೆಗೆ ಬಾ ಎಂದು ಅಲೆ ಕರೆಯುತ್ತದೆ, ಹೋದನೆಂಬ ಸುದ್ದಿಯಿಲ್ಲ. ಅಲೆ ತಂದಿಟ್ಟ ಮುತ್ತುಗಳನ್ನು ನೋಡಿ ಒಳಗೇನಿದೆಯೋ ಊಹಿಸಿಕೊಳ್ಳಬೇಕು, ಅಷ್ಟೇ.

ಕೊನೆಗೆ ಬರುವ ಗುಡಿ, ಮೂರ್ತಿ ಮಾತ್ರ ನನಗೆ ಒಗ್ಗುವುದಿಲ್ಲ. ಮೂರ್ತಿಗೆ ಕೈಮುಗಿದರೆ ಅದು ತಿರುಗಿ ಮಾತಾಡುವ ಅಪಾಯವಿಲ್ಲ. ಇಡೀ ಹಾಡಿನಲ್ಲಿ ಅವಳದೊಂದು ಮಾತೂ ಇಲ್ಲ. ತಿಳಿಯದು ಎಂದವನು ಒಮ್ಮೆ ಕೇಳಿಯಾದರೂ ನೋಡಬಹುದಿತ್ತು!

ಅದಕ್ಕೇ ಅದೇ ಸಂಕಲನದ ‘ರಾಯರು ಬಂದರು’ ನನಗೆ ಇನ್ನಷ್ಟು ಹತ್ತಿರದ್ದು. ಮಾವನ ಮನೆಗೆ ಬಂದ ರಾಯರಿಗೆ ಬಿಸಿನೀರಿನ ತಂಬಿಗೆ, ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ, ದಿಂಬಿನ ಮೇಲೆ ಮಡದಿ ಪದುಮಳೇ ಹಾಕಿದ ಹೂವು, ಎಲ್ಲವೂ ಇವೆ, ಪದುಮಳೊಬ್ಬಳಿಲ್ಲ. ಅಕ್ಕನನ್ನು ಕರೆ ಎಂದು ನಾದಿನಿಯನ್ನು ಕೇಳಬೇಕಾದ ಗತಿ ಅಳಿಯದೇವರಿಗೆ. ಅವಳು ನಗುತ್ತಾಳೆ, ರಾಯರು ನಗುವುದಿಲ್ಲ. ರಾತ್ರಿಯಿಡೀ ಬಳೆಯ ಸದ್ದಿಲ್ಲ. ಬೆಳಗಾಗುತ್ತಲೇ ಹೊರಟೆನೆಂದು ಮುನಿಸಿಕೊಳ್ಳುತ್ತಾರಲ್ಲ, ಆ ಸಿಡುಕಿನಲ್ಲಿ ಅವರ ಗುಟ್ಟೆಲ್ಲ ರಟ್ಟು. ಒಲವಿನ ಸುದ್ದಿಯನ್ನೇ ಎತ್ತದೆ ಗಂಡಸೊಬ್ಬನ ಗತ್ತನ್ನು ಇಷ್ಟು ಮೆತ್ತಗೆ ಕಳಚಿದ ಪದ್ಯ ಕನ್ನಡದಲ್ಲಿ ಅಪರೂಪ.

ಸುಗಮ ಸಂಗೀತದವರ ಮೇಲೂ ನನ್ನದೊಂದು ತಕರಾರಿದೆ. ‘ನಿನ್ನ ಪ್ರೇಮದ ಪರಿಯ’ ಹಾಡುವಾಗ ಪ್ರತಿ ಚರಣದ ಕೊನೆಗೆ ಪಲ್ಲವಿಗೆ ಮರಳಬೇಕು. ಮುತ್ತುಗಳನ್ನು ಕಂಡ ಮೇಲೂ ‘ತಿಳಿಯದು’ ಎನ್ನುವಾಗ ಆ ಮಾತಿನ ತೂಕ ಬೇರೆ, ಮೊದಲಿಗಿಂತ ಅಳುಕು ಹೆಚ್ಚು. ವೇದಿಕೆಯಲ್ಲಿ ಆಗುವುದು ಸಾಮಾನ್ಯವಾಗಿ ಇದರ ತದ್ವಿರುದ್ಧ: ಪಲ್ಲವಿಗೆ ಬಂದಾಗಲೆಲ್ಲ ತಬಲಾಕ್ಕೆ ಹುರುಪು, ಗಾಯಕರಿಗೆ ಒಂದೊಂದು ಹೊಸ ಸಂಗತಿ. ತನಗೆ ತಿಳಿಯದು ಎನ್ನುತ್ತಿರುವವನು ಗೆದ್ದು ಬಂದವನಂತೆ ಕೇಳಿಸುತ್ತಾನೆ.