ಚುಕ್ಕಿ ಇಡಲು ಬಾರದ ಎಐ

ಕೊಪ್ಪ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟದಲ್ಲಿ ಪ್ರಕಟಿಸಿದರು. ಅಕ್ಷರ ಅಳಿಸಿದ ಕಡೆ ಬರೀ ಚುಕ್ಕಿಗಳು. ನಾನು ಬಳಸಿದ ಎಐಗೆ ಆ ಅಭ್ಯಾಸವಿಲ್ಲ.

ಮೊನ್ನೆ ಪಾಚಿ ಹಿಡಿದ ಕಲ್ಲೊಂದರ ಫೋಟೋ ಕೊಟ್ಟೆ. ಮೊದಲ ಸಾಲನ್ನು ‘ಸ್ವಸ್ತಿ ಶ್ರೀ’ ಅಂತ ಸಲೀಸಾಗಿ ಓದಿತು. ಸಂಜೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಅಲ್ಲಿ ಚಕ್ಕೆ ಎದ್ದ ಕಲ್ಲು ಬಿಟ್ಟರೆ ಏನೂ ಇಲ್ಲ! ಇದ್ದ ಱ, ೞಗಳನ್ನೂ ರ, ಳ ಮಾಡಿತ್ತು. ಕಾಲನಿರ್ಣಯದ ಒಂದು ಸುಳಿವೇ ಹೋಯಿತು.

ಟೈಪಾದ ಪಾಠಗಳಲ್ಲಿ ಪದ ಹುಡುಕಲು ಎಐ ಒಳ್ಳೆಯ ಸಹಾಯಕ. ಆದರೆ ಒಕ್ಕಣೆಯನ್ನು ಊಹಿಸಬಹುದು, ದಾನ ಕೊಟ್ಟವರ ಹೆಸರನ್ನೋ ಊರಿನ ಹೆಸರನ್ನೋ ಊಹಿಸಲಾಗದು. ಇತಿಹಾಸ ಇರೋದೇ ಅಲ್ಲಿ. ಓದಲಾಗದ ಕಡೆ ಚುಕ್ಕಿ ಇಡೋಣ, ಸ್ನೇಹಿತರೇ.