ಎದೆಯ ಮೇಲಣ ವ್ಯಂಗ್ಯಚಿತ್ರ

ತಗಡಿನ ಬಿಲ್ಲೆಯ ಮೇಲೆ ಮುದ್ರಿತ ಕಾಗದವನ್ನಿರಿಸಿ, ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಯನ್ನು ಹೊದಿಸಿ, ಅಂಚನ್ನು ಹಿಂದಕ್ಕೆ ಮಡಿಚಿ, ಲೋಹದ ಬಳೆಯಿಂದ ಬಿಗಿದು ಸೂಜಿಯನ್ನು ಸಿಕ್ಕಿಸಿದರೆ ಸಿದ್ಧವಾಗುತ್ತಿದ್ದ ಪಿನ್ ಬ್ಯಾಡ್ಜು, 1896ರಲ್ಲಿ ಅಮೆರಿಕದ ನೂಅರ್ಕ್ ನಗರದ ವೈಟ್‌ಹೆಡ್ ಅಂಡ್ ಹೋಗ್ ಸಂಸ್ಥೆಯು ಅದಕ್ಕೆ ಪೇಟೆಂಟ್ ಪಡೆದ ವರ್ಷದಲ್ಲಿಯೇ ಅಧ್ಯಕ್ಷ ಪದವಿಯ ಅಭ್ಯರ್ಥಿಗಳ ಗಂಭೀರವದನಗಳನ್ನು ಹೊತ್ತು ದೇಶವೆಲ್ಲ ಸಂಚರಿಸಿತು. 1968ರಲ್ಲಿ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬನ 'ಜ್ಯಾಪ್ ಕಾಮಿಕ್ಸ್' ಎಂಬ ಚಿತ್ರಕಥಾಪತ್ರಿಕೆಯು ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ಬೀದಿಯಲ್ಲಿ ಕೂಸಿನ ತಳ್ಳುಗಾಡಿಯಿಂದ ಮಾರಾಟವಾದ ಮೇಲೆ, ಶಿಷ್ಟಾಚಾರವನ್ನು ಧಿಕ್ಕರಿಸಿದ ಆ ಭೂಗತ ಚಿತ್ರಕಲೆಯೂ ಇದೇ ಬಿಲ್ಲೆಯನ್ನೇರಿ ತರುಣರ ಅಂಗಿಗಳ ಮೇಲೆ ವಿರಾಜಿಸತೊಡಗಿತು. (ಹಿರಿಯರೆದುರು ಧರಿಸಲಾಗದವೂ ಅವುಗಳಲ್ಲಿ ಉಂಟೆಂಬುದನ್ನು ಮರೆಮಾಚಲಾರೆ.)

ದೊಡ್ಡ ಬಿಲ್ಲೆಗಳಿಗಿಂತ ಚಿಕ್ಕವೇ ನನಗೆ ಪ್ರಿಯ. ಕ್ರಂಬನ ಒತ್ತೊತ್ತಾದ ಅಡ್ಡಗೆರೆಗಳು ಹೆಬ್ಬೆರಳಗಲದ ಆವರಣದಲ್ಲಿ ಸಂಕುಚಿತಗೊಂಡು ಮತ್ತಷ್ಟು ಸಾಂದ್ರವಾಗುವುದಲ್ಲದೆ, ಹಿಂದಕ್ಕೆ ವಾಲಿ ನಡೆಯುವ ಅವನ ಪ್ರಸಿದ್ಧ ಪುರುಷನು ಮುಂಚಾಚಿದ ಬೃಹತ್ಪಾದರಕ್ಷೆಯು ಬಿಲ್ಲೆಯ ಉಬ್ಬಿನಿಂದಾಗಿ ನಮ್ಮತ್ತಲೇ ಬರುವಂತೆ ತೋರುತ್ತದೆ. ಸಂಗ್ರಾಹಕನಿಗೆ ಪರಮಶತ್ರು ತೇವ: ಅದು ಅಂಚಿನಿಂದೊಳನುಗ್ಗಿದರೆ ತಗಡು ತುಕ್ಕು ಹಿಡಿದು, ಕಾಗದದ ಮೇಲೆ ಕಂದು ಕಲೆಗಳೇಳುತ್ತವೆ, ಆ ಕಲೆಯನ್ನು ಒರೆಸಿ ತೆಗೆಯುವ ವಿದ್ಯೆಯಿಲ್ಲ. ಮಡಿಕೆಯ ಪಕ್ಕದಲ್ಲಿ ಭೂತಗನ್ನಡಿಗೆ ಮಾತ್ರ ನಿಲುಕುವ ಸೂಕ್ಷ್ಮಾಕ್ಷರಗಳಲ್ಲಿ ತಯಾರಕನ ಹೆಸರು ಕೆಲವೊಮ್ಮೆ ಮುದ್ರಿತವಾಗಿರುವುದರಿಂದ, ಬಲ್ಲವನು ಕೊಳ್ಳುವಾಗ ಮೊದಲು ನೋಡುವುದು ಚಿತ್ರವನ್ನಲ್ಲ, ಅಂಚನ್ನು.